ನಮ್ಮ ಬ್ಯಾಂಡ್ ಸೆಟ್ಟಿನ ಸೋಲುಗಳು

ಶಾಲೆಯ ಬ್ಯಾಂಡ್ ಸೆಟ್ಟಿನಲ್ಲಿ ಇದ್ದವರಿಗೆ ಅವಮಾನ ಒಂದು ಸಲ ಆಗಿ ಮುಗಿಯುವುದಿಲ್ಲ. ಬಿಳಿ ಕ್ಯಾನ್ವಾಸ್ ಶೂ ಜೊತೆಗೆ ಅದನ್ನೂ ಕೊಟ್ಟಿರುತ್ತಾರೆ. ನಾನು ಕೋಣಂದೂರಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಮೂರು ವರ್ಷ ಬ್ಯೂಗಲ್ ಊದಿದವಳು. ಈಗ ಆನಂದಪುರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಆ ಮೂರು ವರ್ಷದಲ್ಲಿ ನಮ್ಮ ಸೆಟ್ಟು ಒಂದೇ ಒಂದು ಸ್ಪರ್ಧೆ ಗೆಲ್ಲಲಿಲ್ಲ. ಹೇಗೆಲ್ಲ ಸೋತೆವು ಅನ್ನುವುದನ್ನು ಮಾತ್ರ ಹೇಳಬಹುದು.

ಎಮ್ಮೆ

ನಮಗೆ ಕಲಿಸುತ್ತಿದ್ದವರು ಸೇನೆಯಲ್ಲಿ ಬ್ಯೂಗಲ್ ಊದಿ ನಿವೃತ್ತರಾಗಿದ್ದ ಒಬ್ಬರು. ಬ್ಯಾಂಡ್ ಮೇಷ್ಟ್ರು ಅನ್ನುತ್ತಿದ್ದೆವು. ಅವರು ನಕ್ಕಿದ್ದನ್ನು ನಾನು ನೋಡಿಲ್ಲ. ಹೆಂಡತಿಗೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದರು. ಅವರಿಗೆ ಉಣ್ಣಿಸಿ, ಬಟ್ಟೆ ಬದಲಿಸಿ, ಮೇಷ್ಟ್ರು ಇಸ್ತ್ರಿ ಮಾಡಿದ ಖಾಕಿ ತೊಟ್ಟು ನಾಲ್ಕು ಗಂಟೆಗೆ ಸರಿಯಾಗಿ ಮೈದಾನಕ್ಕೆ ಬರುತ್ತಿದ್ದರು.

ನನಗೆ ದೊಡ್ಡ ಡ್ರಮ್ ಬಾರಿಸುವ ಆಸೆ. ಅವರು ನನ್ನ ತುಟಿ ನೋಡಿ ಬ್ಯೂಗಲ್ ಕೊಟ್ಟರು. ಮೊದಲ ವಾರ ಬರೀ ಗಾಳಿ ಬಂತು. ಎರಡನೇ ವಾರ ಏನೋ ಒಂದು ದನಿ ಬರತೊಡಗಿತು. ಶಾಲೆಯ ಹಿಂದೆ ನಿಂತು ಊದಿದ್ದೇ ಊದಿದ್ದು.

ಹಾಗೆ ದನಿ ಬಂದ ಮೂರನೇ ದಿನಕ್ಕೆ ಶಾಲೆಯ ಪಕ್ಕದ ಮನೆಯ ಯಜಮಾನರು ಹೆಡ್‌ಮಾಸ್ಟರ ಹತ್ತಿರ ಬಂದರು. ಯಾರದೋ ಎಮ್ಮೆ ಕರು ಹಾಕಲಾಗದೆ ಮೂರು ದಿನದಿಂದ ನರಳುತ್ತಿದೆ, ದನದ ಡಾಕ್ಟರನ್ನಾದರೂ ಕರೆಸಿ, ಕೇಳಲಾಗುವುದಿಲ್ಲ ಎಂದರು. ಹೆಡ್‌ಮಾಸ್ಟರು ಅವರನ್ನು ಹಿಂದಕ್ಕೆ ಕರೆತಂದು ನನ್ನನ್ನು ತೋರಿಸಿದರು. ಬ್ಯಾಂಡ್ ಮೇಷ್ಟ್ರು ಅಲ್ಲೇ ಇದ್ದವರು, ಇನ್ನೆರಡು ವಾರ ತಡೆದುಕೊಳ್ಳಿ, ಆಮೇಲೆ ಬ್ಯೂಗಲ್ ಅಂತ ಗೊತ್ತಾಗುತ್ತದೆ ಎಂದು ಸಮಾಧಾನ ಹೇಳಿ ಕಳಿಸಿದರು.

ಪಾಪ, ಯಜಮಾನರು ಎರಡು ವಾರ ಕಾದರು. ಆಮೇಲೆ ಮತ್ತೆ ಬಂದು, ಎಮ್ಮೆಯೇ ವಾಸಿ ಇತ್ತು ಅಂದರು.

ಸಾಗರದ ರಸ್ತೆ

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಸ್ಪರ್ಧೆ ಸಾಗರದಲ್ಲಿತ್ತು. ಮಳೆ ಆಗಷ್ಟೇ ಬಿಟ್ಟು ಮೈದಾನ ನಾಟಿಗೆ ಹದ ಮಾಡಿದ ಗದ್ದೆಯ ಹಾಗಿತ್ತು. ಮುಂದಿನ ಸಾಲಿನಲ್ಲಿ ಬ್ಯೂಗಲ್ ಹಿಡಿದ ನಾವು ಆರು ಜನ, ಹಿಂದೆ ಡ್ರಮ್ಮುಗಳು. ಧ್ವಜದ ಕಂಬದ ಹತ್ತಿರ ಎಲ್ಲರೂ ಎಡಕ್ಕೆ ತಿರುಗಬೇಕಿತ್ತು. ಆದೇಶ ಕೊಡುವ ಹುಡುಗಿ ಕೂಗಿದ್ದು ಡ್ರಮ್ಮಿನವರಿಗೆ ಕೇಳಿತು, ನಮ್ಮ ಊದಾಟದಲ್ಲಿ ನಮಗೆ ಕೇಳಲಿಲ್ಲ.

ಡ್ರಮ್ಮುಗಳು ಎಡಕ್ಕೆ ಹೋದವು. ನಾವು ಆರು ಜನ ನೆಟ್ಟಗೆ ಹೋದೆವು. ನಿಲ್ಲು ಅನ್ನುವವರೆಗೆ ನಿಲ್ಲಬಾರದು ಅಂತ ಮೇಷ್ಟ್ರು ಹೇಳಿದ್ದರು, ಯಾರೂ ನಿಲ್ಲು ಅನ್ನಲಿಲ್ಲ. ಗೇಟು ದಾಟಿ ರಸ್ತೆಗೆ ಬಿದ್ದೆವು. ಹಿಂದಿನಿಂದ ಬಂದ ಬಸ್ಸು ಹಾರ್ನ್ ಮಾಡಲು ನಾಚಿಕೊಂಡು ನಮ್ಮ ಹೆಜ್ಜೆಗೆ ಸರಿಯಾಗಿ ನಿಧಾನ ಬರುತ್ತಿತ್ತು. ಶಿಕ್ಷಕರು ಸ್ಪರ್ಧೆಯ ನಡುವೆ ಮೈದಾನಕ್ಕೆ ಇಳಿದರೆ ಅಂಕ ಕಳೆಯುತ್ತಾರೆ. ಅದಕ್ಕೇ ಮೇಷ್ಟ್ರು ಗೆರೆಯ ಆಚೆ ಕೈ ಹಿಂದೆ ಕಟ್ಟಿಕೊಂಡು, ನಾವು ಕಣ್ಮರೆಯಾಗುವುದನ್ನು ನೋಡುತ್ತ ನಿಂತಿದ್ದರಂತೆ. ಕಡೆಗೆ ಸರ್ಕಲ್ಲಿನಲ್ಲಿದ್ದ ಪೊಲೀಸಿನವರು ಕೈ ಅಡ್ಡ ಹಿಡಿದರು, ನಿಂತೆವು.

ಮೂರು ಶಾಲೆಗಳಲ್ಲಿ ನಾವು ಮೂರನೆಯವರಾದೆವು. ವಾಪಸು ಬರುವಾಗ ವ್ಯಾನಿನಲ್ಲಿ ಮೇಷ್ಟ್ರು ತೀರ್ಪುಗಾರರ ಚೀಟಿಯನ್ನು ಓದಿ ಮಡಚಿ ನಮಗೆ ಕೊಟ್ಟರು. ಅದರಲ್ಲಿ ಬರೆದಿತ್ತು: ‘ಶಿಸ್ತು ಅತ್ಯುತ್ತಮ. ದಿಕ್ಕಿನ ಕಡೆಗೆ ಗಮನ ಬೇಕು.’

ಹೊಸನಗರದಲ್ಲಿ ಒಬ್ಬರೇ

ಮಾರನೇ ವರ್ಷ ಹೊಸನಗರ. ಹೆಸರು ಕೊಟ್ಟಿದ್ದು ಎರಡೇ ಶಾಲೆ. ಇನ್ನೊಂದು ಸೆಟ್ಟಿನ ವ್ಯಾನು ನಿಟ್ಟೂರಿನ ಹತ್ತಿರ ಕೆಟ್ಟು ನಿಂತು, ಅವರು ಬರುವುದಿಲ್ಲ ಅಂತ ಫೋನು ಬಂತು. ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು. ಇನ್ನು ಸೋಲಲು ದಾರಿಯೇ ಇರಲಿಲ್ಲ.

ಮೇಷ್ಟ್ರ ಮುಖದಲ್ಲೂ ಏನೋ ಬದಲಾಗಿತ್ತು. ಹೆಂಡತಿ ಆರು ತಿಂಗಳಿಂದ ಮಾತೇ ಬಿಟ್ಟಿದ್ದಾಳೆ, ಊಟಕ್ಕೂ ಸರಿಯಾಗಿ ಬಾಯಿ ತೆರೆಯುತ್ತಿಲ್ಲ, ಒಂದು ಕಪ್ಪು ತಂದು ತೋರಿಸಿದರೆ ಒಂದು ಮಾತಾದರೂ ಆಡುತ್ತಾಳೇನೋ ಎಂದು ಅವತ್ತು ಬೆಳಗ್ಗೆ ವ್ಯಾನಿನಲ್ಲಿ ಹೇಳಿದ್ದರು. ಅವರು ಮನೆಯ ಮಾತು ಎತ್ತಿದ್ದು ಅದೇ ಮೊದಲು. ನಾವು ಪ್ರಾಣ ಹೋಗುವ ಹಾಗೆ ಊದಿದೆವು, ಬಾರಿಸಿದೆವು. ಬಹುಶಃ ಅದೇ ಜಾಸ್ತಿಯಾಯಿತು.

ತೀರ್ಪುಗಾರರು ತುಂಬ ಹೊತ್ತು ಗುಸುಗುಸು ಮಾತಾಡಿಕೊಂಡು ಮೈಕಿನ ಮುಂದೆ ಬಂದರು. ಪ್ರಥಮ ಸ್ಥಾನದ ಮಟ್ಟ ಯಾರೂ ಮುಟ್ಟದ ಕಾರಣ ಅದನ್ನು ತಡೆಹಿಡಿಯಲಾಗಿದೆ ಎಂದರು. ನಮಗೆ ಎರಡನೆಯದು ಕೊಟ್ಟರು. ಕಪ್ಪು ಇರಲಿಲ್ಲ, ಕಾಗದ ಇತ್ತು.

ಮಾರನೇ ದಿನ ಮೇಷ್ಟ್ರು ಅಭ್ಯಾಸ ಶುರು ಮಾಡದೆ ನಮ್ಮನ್ನೆಲ್ಲ ಹತ್ತಿರ ಕರೆದರು. ಆಮೇಲೆ ಮನೆಯಲ್ಲಿ ನಡೆದಿದ್ದು ಹೇಳಿದರು. ಎಷ್ಟು ಸೆಟ್ಟು ಇದ್ದವು ಅಂತ ಹೆಂಡತಿ ಕೇಳಿದರಂತೆ. ಇವರು ಒಂದೇ ಅಂದರಂತೆ. ನೀವು ಎಷ್ಟನೆಯವರು ಅಂದರೆ, ಎರಡನೆಯವರು ಅಂದರಂತೆ. ಆ ಹೆಂಗಸು ಅರ್ಧ ಮುಖದಲ್ಲೇ ನಕ್ಕು ನಕ್ಕು ಕಣ್ಣೀರು ಬಂದು, ಅವತ್ತು ಎರಡು ತುತ್ತು ಹೆಚ್ಚಿಗೆ ಉಂಡರಂತೆ. ಇಷ್ಟು ಹೇಳಿ ಮೇಷ್ಟ್ರು ಸೀಟಿ ಬಾಯಿಗಿಟ್ಟುಕೊಂಡರು, ಮತ್ತೆ ತೆಗೆದರು.

“ಮುಂದಿನ ವರ್ಷನೂ ಹೀಗೇ ಊದಿ,” ಅಂದರು.

ಅತ್ಯುತ್ತಮ ವಾದಕಿ

ಆದರೆ ಮುಂದಿನ ವರ್ಷಕ್ಕೆ ಊದುವವರೇ ಉಳಿಯಲಿಲ್ಲ. ಮಕ್ಕಳೆಲ್ಲ ಹಳದಿ ವ್ಯಾನು ಹತ್ತಿ ಇಂಗ್ಲಿಷ್ ಶಾಲೆಗೆ ಹೋಗತೊಡಗಿದರು. ಇಪ್ಪತ್ತೆರಡು ಜನರ ಸೆಟ್ಟು ಒಂಬತ್ತಕ್ಕೆ ಇಳಿಯಿತು. ತೀರ್ಥಹಳ್ಳಿಯ ಸ್ಪರ್ಧೆಗೆ ಕನಿಷ್ಠ ಹನ್ನೆರಡು ಜನ ಬೇಕು. ಅದು ನಮ್ಮ ಸೆಟ್ಟಿನ ಕೊನೆಯ ಸ್ಪರ್ಧೆ ಅಂತ ಎಲ್ಲರಿಗೂ ಗೊತ್ತಿತ್ತು.

ಮೇಷ್ಟ್ರು ಎಂಟನೇ ಕ್ಲಾಸಿನ ಮೂವರು ಹುಡುಗಿಯರಿಗೆ ಸಮವಸ್ತ್ರ ತೊಡಿಸಿದರು. ಒಬ್ಬಳಿಗೆ ಬ್ಯೂಗಲ್ ಕೊಟ್ಟು, ಬಾಯಿಗೆ ಇಟ್ಟುಕೋ, ಊದಬೇಡ, ಉಸಿರೂ ಬಿಡಬೇಡ ಎಂದು ತಾಕೀತು ಮಾಡಿದರು. ಅವಳು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದಳು. ಅವತ್ತು ನನ್ನ ದನಿ ಎರಡು ಕಡೆ ಒಡೆಯಿತು, ದೊಡ್ಡ ಡ್ರಮ್ಮಿನ ಕೋಲು ಹಾರಿ ಹೋಯಿತು. ಅವಳೊಬ್ಬಳೇ ಕತ್ತು ನೆಟ್ಟಗೆ ಇಟ್ಟು, ಕೆನ್ನೆ ಉಬ್ಬಿಸಿ, ಎಲ್ಲೂ ತಪ್ಪದೆ ಮುಗಿಸಿದಳು.

ನಾವು ಎಂದಿನಂತೆ ಕೊನೆ. ಆದರೆ ಆ ವರ್ಷ ಒಂದು ಕಪ್ಪು ಬಂತು. ಶ್ರುತಿ ಎಲ್ಲೂ ಕೆಡದ ಹಾಗೆ ಊದಿದ್ದಕ್ಕೆ, ಆ ಹುಡುಗಿಗೆ, ಅತ್ಯುತ್ತಮ ವಾದಕಿ ಅಂತ.

ಅಂಗಳ

ಹೋದ ವರ್ಷ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಮೇಷ್ಟ್ರು ತೀರಿಹೋದ ಸುದ್ದಿ ಬಂತು. ಅಂಗಡಿ ಮುಚ್ಚಿ ಹೋದೆ. ಸೇನೆಯಲ್ಲಿದ್ದವರು ನಾಲ್ಕು ಜನ ಟೋಪಿ ಹಾಕಿಕೊಂಡು ಬಂದಿದ್ದರು. ಯೋಧರಿಗೆ ಕೊನೆಯಲ್ಲಿ ಊದುವ ಧಾಟಿಯನ್ನು ಊದಿ ಕಳಿಸಬೇಕು, ಊದಲು ಜನವಿಲ್ಲ ಅಂದರು. ಎಲ್ಲರೂ ನನ್ನ ಕಡೆ ನೋಡಿದರು. ಮೇಷ್ಟ್ರ ಸ್ವಂತ ಬ್ಯೂಗಲ್ಲನ್ನು ಒಳಗಿಂದ ತಂದು ಕೈಗಿಟ್ಟರು. ನಾನು ಬ್ಯೂಗಲ್ ಮುಟ್ಟಿ ಹನ್ನೆರಡು ವರ್ಷವಾಗಿತ್ತು.

ಅಂಗಳದಲ್ಲಿ ಮೇಷ್ಟ್ರನ್ನು ಮಲಗಿಸಿದ್ದರು. ಪಕ್ಕದಲ್ಲಿ ಕುರ್ಚಿಗೆ ದಿಂಬು ಒತ್ತಿ ಅವರ ಹೆಂಡತಿಯನ್ನು ಕೂರಿಸಿದ್ದರು. ನಾಲ್ವರೂ ಸೆಲ್ಯೂಟ್ ಹೊಡೆದು ನಿಂತರು. ಕಣ್ಣು ಮುಚ್ಚಿಕೊಂಡು ಊದಿದೆ. ತುಟಿ ತಾನಾಗಿ ಓಡಿತು. ಇಷ್ಟು ಚೆನ್ನಾಗಿ ನಾನು ಜನ್ಮದಲ್ಲಿ ಊದಿರಲಿಲ್ಲ. ಅರ್ಧ ದಾಟಿದ ಮೇಲೆ ಕಣ್ಣು ಬಿಟ್ಟರೆ, ಸೆಲ್ಯೂಟ್ ಹೊಡೆದವರಲ್ಲಿ ಒಬ್ಬರ ಕೈ ಮೆಲ್ಲಗೆ ಇಳಿಯುತ್ತಿರುವುದು ಕಂಡಿತು. ಆಗ ಗೊತ್ತಾಯಿತು. ನಾನು ಊದುತ್ತಿದ್ದದ್ದು, ಮಲಗಿದ ಸೈನಿಕರನ್ನು ಬೆಳಗ್ಗೆ ಎಬ್ಬಿಸುವ ಧಾಟಿ.

ನಿಲ್ಲಿಸಿದೆ. ಅಂಗಳದಲ್ಲಿ ನೂರು ಜನ ಮೇಷ್ಟ್ರನ್ನೇ ನೋಡುತ್ತಿದ್ದರು. ಮುದುಕರೊಬ್ಬರಂತೂ ಮುಂದೆ ಬಗ್ಗಿ, ಯಾವುದಕ್ಕೂ ಇರಲಿ ಅಂತ ಅವರ ಮೂಗಿನ ಹತ್ತಿರ ಕೈ ಹಿಡಿದು ನೋಡಿದರು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಗ ಕುರ್ಚಿಯಿಂದ ಮೇಷ್ಟ್ರ ಹೆಂಡತಿ, ತೊದಲುವ ನಾಲಗೆಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ನನಗೆ ಹೇಳಿದರು.

“ಇದನ್ನ ಕೇಳಿ ಕೇಳಿ ಜೀವಮಾನವೆಲ್ಲ ಎದ್ದವರು ಅವರು. ಇವತ್ತೊಂದಿನ ಮಲಗ್ಲಿ ಬಿಡೇ.”