ಅಡುಗೆಮನೆಗೊಂದು ಕಿಟಕಿ

ಬಾಡಿಗೆ ಮನೆಯಲ್ಲಿ ಒಂದನ್ನು ರಿಪೇರಿ ಮಾಡಲು ಹೊರಟರೆ, ಸರಿಯಾಗಿದ್ದ ಇನ್ನೆರಡು ಕೈಕೊಡುತ್ತವೆ. ಇದು ನಮ್ಮ ಹಣೆಬರಹ ಮಾತ್ರ ಅಂದುಕೊಂಡಿದ್ದೆ. ಆದರೆ ಈ ಪ್ರಸಂಗಗಳನ್ನು ಹೇಳಲು ಶುರುಮಾಡಿದರೆ ಸಾಕು, ಬಾಡಿಗೆ ಮನೆಯಲ್ಲಿ ಇದ್ದು ಬಂದವರೆಲ್ಲ ನಾನು ಮುಗಿಸುವ ಮೊದಲೇ ನಗುತ್ತಾರೆ. ಸ್ವಂತ ಮನೆಯವರು ಮಾತ್ರ "ಅಯ್ಯೋ ಪಾಪ" ಅನ್ನುತ್ತಾರೆ.

ಆಗ ನನಗಂತೂ ನಗು ಬಂದಿರಲಿಲ್ಲ. ನಯಾಪೈಸೆ ಹೊಸದಾಗಿ ಬಂದಿದ್ದ ಕಾಲ. ಜಯನಗರ ಅಂದರೆ ಇನ್ನೂ ಕಲ್ಲು ನೆಟ್ಟು ಗೆರೆ ಎಳೆದ ಬಯಲು. ನಮ್ಮವರಿಗೆ ಪೇಟೆಯ ಒಂದು ಬೆಲ್ಲದ ಮಂಡಿಯಲ್ಲಿ ಗುಮಾಸ್ತೆ ಕೆಲಸ. ಬಡಾವಣೆಯಲ್ಲಿ ಮನೆ ಹಿಡಿಯುವ ಶಕ್ತಿ ಇಲ್ಲದೆ, ಪಕ್ಕದ ಯಡಿಯೂರಿನಲ್ಲಿ ಒಬ್ಬ ಗೌಡರ ಮನೆಯ ಹಿಂಭಾಗದಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಹಿಡಿದಿದ್ದೆವು. ಹಿಂದಿನ ಮಳೆಗಾಲದಲ್ಲಿ ದೊಡ್ಡ ಮಗುವನ್ನು ಕಳೆದುಕೊಂಡಿದ್ದೆವು. ಉಳಿದವಳಿಗೆ ಮೂರು ವರ್ಷ, ಅವಳಿಗೂ ಅದೇ ಉಬ್ಬಸ. ಡಾಕ್ಟರು ಅವಳ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, "ಔಷಧಿ ನಾನು ಕೊಡ್ತೀನಮ್ಮ. ಆದ್ರೆ ನಿಮ್ಮನೇಲಿ ಒಂದೋ ಹೊಗೆ ಇರುತ್ತೆ, ಇಲ್ಲಾ ಈ ಮಗು ಇರುತ್ತೆ. ಎರಡೂ ಇರಲ್ಲ," ಅಂದಿದ್ದರು. ಹಾಗಾಗಿ ನಾವು ಅಡುಗೆಮನೆಯನ್ನು ಚೆಂದ ಮಾಡಲು ಹೊರಟಿದ್ದು ಷೋಕಿಗಲ್ಲ.

ನಮಗಿಂತ ಮೊದಲಿದ್ದವಳು

ಆ ಅಡುಗೆಮನೆ ಹಿಂದೆ ಗೌಡರ ಕೊಟ್ಟಿಗೆ. ಹೊಲಗಳು ಬಡಾವಣೆಗೆ ಹೋದ ಮೇಲೆ ಎತ್ತುಗಳನ್ನು ಮಾರಿ, ಒಂದು ಎಮ್ಮೆಯನ್ನು ಮಾತ್ರ ಉಳಿಸಿಕೊಂಡು, ಕೊಟ್ಟಿಗೆಯೊಳಗೆ ಒಂದು ಒಲೆ ಹಾಕಿಸಿ ಅದನ್ನು ಅಡುಗೆಮನೆ ಎಂದು ಕರೆದಿದ್ದರು. ಮಣ್ಣಿನ ಗೋಡೆ, ಹೆಂಚಿನ ಮಾಡು, ಹಿತ್ತಿಲಿಗೆ ತೆರೆಯುವ ಒಂದೇ ಬಾಗಿಲು. ಕಿಟಕಿ ಇಲ್ಲ. ನಮ್ಮ ಕೋಣೆಗೂ ಅದಕ್ಕೂ ನಡುವಿನ ಗೋಡೆ ಮಾಡಿನವರೆಗೆ ಮುಟ್ಟಿರಲಿಲ್ಲ, ಆದ್ದರಿಂದ ಒಲೆ ಹೊತ್ತಿಸಿದರೆ ಹೊಗೆಯೆಲ್ಲ ಗೋಡೆ ಹಾರಿ ಮಗು ಮಲಗುವ ಕಡೆ ಇಳಿಯುತ್ತಿತ್ತು. ನೆಲದಲ್ಲಿ ದನ ಕಟ್ಟುವ ಗೂಟ ಹಾಗೇ ಇತ್ತು. ಅದನ್ನು ಕೀಳಿಸಿ ಅಂದರೆ ಗೌಡರು, "ಇರ್ಲಿ ಬುಡಿ ಅಮ್ಮಾವ್ರೇ, ರುಬ್ಬೋವಾಗ ಕಾಲು ಕೊಟ್ಕೊಂಡು ಕೂರಕಾಯ್ತದೆ," ಅಂದರು.

ಎಮ್ಮೆಯನ್ನು ಮನೆಯ ಮುಂದಿನ ಚಪ್ಪರಕ್ಕೆ ವರ್ಗ ಮಾಡಿದ್ದರು. ವರ್ಗದ ಆರ್ಡರು ಎಮ್ಮೆಗೆ ತಲುಪಿರಲಿಲ್ಲ. ನಾವು ಬಂದ ಸಂಜೆಯೇ ಅದು ಮೇದು ಬಂದು ನೇರವಾಗಿ ಅಡುಗೆಮನೆಗೆ ನುಗ್ಗಿ ತನ್ನ ಜಾಗದಲ್ಲಿ ನಿಂತಿತು. ಆ ಜಾಗದಲ್ಲಿ ನಾನು ರೊಟ್ಟಿ ಹಿಟ್ಟು ಕಲಸುತ್ತಿದ್ದೆ. ಅದರ ಹಿಂಭಾಗ ಬಾಗಿಲು ತುಂಬಿಕೊಂಡಿದ್ದರಿಂದ ನಾನು ಹೊರಗೆ ಬರಲಾರೆ, ನಮ್ಮವರು ಒಳಗೆ ಬರಲಾರರು. ನಮ್ಮವರು ಹೊರಗಿನಿಂದ ಅದಕ್ಕೆ ಬಹುವಚನದಲ್ಲಿ ಬುದ್ಧಿ ಹೇಳುತ್ತಿದ್ದರು. ಆಗ ಗೌಡರ ತಾಯಿ, ಹಲ್ಲಿಲ್ಲದ ಅಜ್ಜಿ, ಹಿತ್ತಿಲಿನಿಂದ ಕೂಗಿ ಹೇಳಿದರು: "ಹೊಡೀಬ್ಯಾಡ ಕಣವ್ವ. ಹಾಲು ಕರ್ಕೊಂಡ್ಬುಡು, ತಾನೇ ಓಯ್ತದೆ."

ಹುಟ್ಟಿದಂದಿನಿಂದ ಎಮ್ಮೆಯ ಮೈ ಮುಟ್ಟದ ನಾನು ಅಳುತ್ತಾ ಹಾಲು ಕರೆದೆ. ಎಮ್ಮೆ ನಿಜವಾಗಿಯೂ ಹಿಂದಕ್ಕೆ ಸರಿದು ಹೊರಟುಹೋಯಿತು. ಮಾರನೆಯ ದಿನ ಗೌಡರು ಬಾಗಿಲಿಗೆ ಬಂದಾಗ, ಕ್ಷಮೆ ಕೇಳಲು ಬಂದರೇನೋ ಅಂದುಕೊಂಡು ನಾನು ಸೆರಗು ಸರಿಮಾಡಿಕೊಂಡೆ. ಅವರು ಖಾಲಿ ಚೊಂಬು ಮುಂದೆ ಹಿಡಿದು, "ನಿಮ್ಮ ಕೈ ಅದಕ್ಕೆ ಒಗ್ಗೈತೆ ಅಮ್ಮಾವ್ರೇ, ಇವತ್ತಿಂದ ನೀವೇ ಕರೀರಿ," ಅಂದರು.

ಬೆಲ್ಲದ ಸುಣ್ಣ

ಮಸಿ ಹಿಡಿದ ಗೋಡೆಗೆ ಸುಣ್ಣ ನಿಲ್ಲುವುದಿಲ್ಲ. ಬಳಿದು ಒಣಗಿದರೆ ಸಾಕು, ಹಪ್ಪಳದ ಹಾಗೆ ಎದ್ದು ನೇರವಾಗಿ ಸಾರಿನ ಪಾತ್ರೆಗೆ ಬೀಳುತ್ತದೆ. ಸುಣ್ಣದವನು "ಗೋಂದು ಬೆರೆಸ್ಬೇಕು ಸ್ವಾಮಿ" ಅಂದ. ಗೋಂದಿಗೆ ದುಡ್ಡು ಕೊಡುವುದು ನಮ್ಮವರಿಗೆ ಒಪ್ಪಿಗೆಯಾಗಲಿಲ್ಲ. ಮಂಡಿಯಲ್ಲಿ ಬೆಲ್ಲದ ಪುಡಿಯನ್ನು ದಿನಾ ಗುಡಿಸಿ ಎಸೆಯುತ್ತಾರೆ, ಅದು ಗೋಂದಿಗಿಂತ ಚೆನ್ನಾಗಿ ಅಂಟುತ್ತದೆ ಎಂಬುದು ಅವರ ಸಿದ್ಧಾಂತ.

"ಹಳೇ ಕಾಲದಲ್ಲಿ ಕೋಟೆ ಕಟ್ಟೋವಾಗ ಗಾರೆಗೆ ಬೆಲ್ಲಾನೇ ಹಾಕ್ತಿದ್ರು. ಇವತ್ತಿಗೂ ನಿಂತಿಲ್ವಾ?" ಅಂದರು.

"ಕೋಟೇಲಿ ಯಾರೂ ಅಡುಗೆ ಮಾಡ್ತಿರ್ಲಿಲ್ಲ," ಅಂದೆ. ಅವರು ಕೇಳಿಸಿಕೊಳ್ಳಲಿಲ್ಲ.

ಒಂದು ಭಾನುವಾರ ಪೂರ್ತಿ ಇಬ್ಬರೂ ಬಳಿದೆವು. ಸುಳ್ಳು ಹೇಳಬಾರದು, ಗೋಡೆ ಬೆಳ್ಳಗೆ ಹಲ್ಲು ಕಿರಿಯಿತು. ಮಗು ಹೋಗಿ ಅದರ ಮೇಲೆ ಕೈಯಿಟ್ಟು ನೋಡಿ ನಕ್ಕಳು. ಅವಳು ನಕ್ಕು ಬಹಳ ದಿನವಾಗಿತ್ತು, ನನಗೆ ಕಣ್ಣು ತುಂಬಿತು. ಬೆಳಿಗ್ಗೆ ಎದ್ದು ಬಂದು ನೋಡಿದರೆ ಗೋಡೆ ಮತ್ತೆ ಕಪ್ಪಗಿತ್ತು. ಈ ಸಲ ಕಪ್ಪು ಓಡಾಡುತ್ತಿತ್ತು. ಯಡಿಯೂರಿನ ಇರುವೆಗಳಷ್ಟೇ ಅಲ್ಲ, ಕೆರೆಯ ಆಚೆ ದಡದವೂ ಬಂದಿದ್ದಿರಬೇಕು. ಅಕ್ಕಿಯಲ್ಲಿ, ಉಪ್ಪಿನಲ್ಲಿ, ಮಗುವಿನ ಔಷಧಿ ಸೀಸೆಯ ಬಿರಡೆಯಲ್ಲಿ ಎಲ್ಲೆಲ್ಲೂ ಇರುವೆ.

ನಾನು ಪೊರಕೆ ಹಿಡಿದು ನಿಂತಿದ್ದೆ. ಯಾರಿಗೆ ಎಂದು ಇನ್ನೂ ತೀರ್ಮಾನ ಮಾಡಿರಲಿಲ್ಲ. ನಮ್ಮವರು ಗೋಡೆಯ ಹತ್ತಿರ ಹೋಗಿ ಇರುವೆಗಳ ಮಧ್ಯೆ ಬೆರಳಿನಿಂದ ಕೆರೆದು ನೋಡಿ, "ಸುಣ್ಣ ಮಾತ್ರ ಒಂದು ಚೂರೂ ಉದುರಿಲ್ಲ ನೋಡು," ಅಂದರು.

ಬೆಳಕು ಬಂತು

ಬಸವನಗುಡಿಯಲ್ಲಿ ಯಾರದೋ ಹಳೆ ಮನೆ ಕೆಡವುತ್ತಿದ್ದಾಗ ನಮ್ಮವರು ಒಂದು ಗಾಜಿನ ಹೆಂಚು ಸಂಪಾದಿಸಿಕೊಂಡು ಬಂದರು. ಅದನ್ನು ಕೂರಿಸಲು ಮಾಡು ಹತ್ತಿ ಎರಡು ಒಳ್ಳೆಯ ಹೆಂಚು ತುಳಿದು ಒಡೆದರು. ಅಂತೂ ಒಲೆಯ ಮೇಲೆ ನೇರವಾಗಿ ಬೆಳಕು ಬಿತ್ತು.

ಬೆಳಕಿನಲ್ಲಿ ಮೊದಲು ನನಗೆ ಕಂಡದ್ದು ಮಗುವಿನ ಮುಖ. ಚಿಮಣಿ ದೀಪದಲ್ಲಿ ಅದು ಅಷ್ಟು ಸೊರಗಿದ್ದು ಗೊತ್ತಾಗಿರಲಿಲ್ಲ. ತುಟಿ ಕಪ್ಪಿಟ್ಟಿತ್ತು. ದೊಡ್ಡವನಿಗೂ ಕೊನೆಕೊನೆಗೆ ಹೀಗೇ ಆಗಿತ್ತು. ನಾನು ಸಾರು ಕುದಿಸಿದೆ.

ಅಷ್ಟರಲ್ಲಿ ಅಜ್ಜಿ ಬಂದರು. ಚಳಿ ಅಂತ ದಿನಾ ಬೆಳಿಗ್ಗೆ ನಮ್ಮ ಒಲೆಯ ಮುಂದೆ ಬಂದು ಕೂತು, ನನ್ನ ಕಾಫಿ ಕುಡಿದು, ನನ್ನ ಅಡುಗೆ ಉಂಡು, ಅದನ್ನೇ ಬೈದು ಹೋಗುವುದು ಅವರ ಪದ್ಧತಿ. ಅವತ್ತು ಹೊಸ ಬೆಳಕಿನಲ್ಲಿ ಸಾರಿನ ಪಾತ್ರೆಯೊಳಗೆ ಬಹಳ ಹೊತ್ತು ಇಣುಕಿದರು. ಆಮೇಲೆ ಮೆಲ್ಲಗೆ, "ಇದನ್ನಾ ಮಗಳೇ, ಇಷ್ಟು ದಿನಾ ನನಗೂ ಬಡಿಸ್ತಿದ್ದಿದ್ದು?" ಅಂದರು.

ಹೊಟ್ಟಿನ ಒಲೆ

ಮರದ ಹೊಟ್ಟಿನ ಒಲೆಗೆ ಹೊಗೆಯೇ ಇಲ್ಲ ಎಂದು ಮಂಡಿಯಲ್ಲಿ ಯಾರೋ ಹೇಳಿದರು. ತಗಡಿನ ಡಬ್ಬದ ನಡುವೆ ಒಂದು ಸೀಸೆ ನಿಲ್ಲಿಸಿ, ಸುತ್ತ ಹೊಟ್ಟನ್ನು ಗಟ್ಟಿಯಾಗಿ ತುಂಬಿ, ಸೀಸೆ ಎಳೆದುಬಿಟ್ಟರೆ ನಡುವೆ ತೂತು ಉಳಿಯುತ್ತದೆ. ಕೆಳಗಿನಿಂದ ಬೆಂಕಿ ಕೊಟ್ಟರೆ ಗಂಟೆಗಟ್ಟಲೆ ಉರಿಯುತ್ತದೆ. ಹೊಟ್ಟು ಒಣಗಿರಬೇಕು ಅನ್ನುವುದೊಂದನ್ನು ಹೇಳಲು ಆ ಪುಣ್ಯಾತ್ಮ ಮರೆತಿದ್ದ. ನಮ್ಮವರು ಸಾಮಿಲ್ಲಿನಿಂದ ತಂದ ಮೂಟೆ ರಾತ್ರಿಯ ಮಳೆಯಲ್ಲಿ ನೆಂದಿತ್ತು.

ಬೆಂಕಿ ಕೊಟ್ಟ ಸ್ವಲ್ಪ ಹೊತ್ತಿಗೆ ನನಗೆ ನನ್ನ ಕೈ ಕಾಣಲಿಲ್ಲ. ಹೆಂಚಿನ ಸಂದಿಯಿಂದೆಲ್ಲ ಹೊಗೆ ಎದ್ದಿದ್ದನ್ನು ನೋಡಿ, ಗೌಡರ ಮನೆಗೆ ಬೆಂಕಿ ಬಿತ್ತು ಎಂದು ಕೆರೆಯ ಕಡೆ ಇದ್ದವರೆಲ್ಲ ಕೊಡ ಹಿಡಿದು ಓಡಿಬಂದರು. ಬೇಡ ಎಂದು ಕೂಗಲು ಬಾಯಿ ತೆರೆದೆ, ಮೊದಲನೆಯ ಕೊಡ ಬಾಯಿಗೇ ಬಿತ್ತು. ಬೇಳೆ, ಹಿಟ್ಟು, ಹಾಸಿಗೆ ಎಲ್ಲ ತೊಯ್ದುಹೋಯಿತು. ಉಪಕಾರ ಮಾಡಿದ ಮೇಲೆ ಜನ ಸುಮ್ಮನೆ ಹೋಗುತ್ತಾರೆಯೇ, ಕಾಫಿಗೆ ಕಾದು ಕೂತರು.

ಮಗುವಿಗೆ ಅವತ್ತು ಬಂದಷ್ಟು ಜೋರು ಉಬ್ಬಸ ಹಿಂದೆಂದೂ ಬಂದಿರಲಿಲ್ಲ. ಅವಳನ್ನು ಎತ್ತಿಕೊಂಡು ನಮ್ಮವರ ಸೈಕಲ್ಲಿನ ಹಿಂದೆ ಕೂತೆ. ಡಾಕ್ಟರ ಮನೆ ಬರುವವರೆಗೂ ಅವಳ ಎದೆಯ ಸದ್ದು ಕೇಳುತ್ತಿರಲಿ ಎಂದು ಬೇಡಿಕೊಂಡೆ. ಆ ಸದ್ದನ್ನು ಕೇಳಲಾಗುತ್ತಿರಲಿಲ್ಲ, ನಿಂತುಬಿಟ್ಟರೆ ಎಂಬ ಭಯ ಅದಕ್ಕಿಂತ ದೊಡ್ಡದು. ಡಾಕ್ಟರು ಸೂಜಿ ಹಾಕಿ, ಉಸಿರು ಸಮವಾಗುವವರೆಗೂ ಪಕ್ಕದಲ್ಲೇ ಕೂತಿದ್ದರು. ಆಮೇಲೆ ತಲೆಯೆತ್ತಿ ನಮ್ಮವರನ್ನು ನೋಡಿದರು. ಕಣ್ಣೆರಡು ಬಿಟ್ಟರೆ ಅವರ ಮೈಯೆಲ್ಲ ಮಸಿ.

"ಮನೇಲಿ ಏನ್ರೀ ಮಾಡ್ತಿದ್ದೀರಿ?"

"ಹೊಗೆ ಕಮ್ಮಿ ಮಾಡ್ತಿದ್ದೀವಿ ಡಾಕ್ಟ್ರೇ," ಅಂದರು ನಮ್ಮವರು.

ಅಜ್ಜಿಯ ಗೋಡೆ

"ಬೇರೆ ಏನೂ ಬೇಡ, ಒಂದು ಕಿಟಕಿ ಇಡಿಸಿ. ಇನ್ನೊಂದು ಸಲ ಹೀಗಾದ್ರೆ ನನ್ನ ಕೈಲಿ ಆಗಲ್ಲ," ಅಂದರು ಡಾಕ್ಟರು. ಗೌಡರನ್ನು ಕೇಳಿದೆವು. ಗೌಡರು ಅಜ್ಜಿಯನ್ನು ತೋರಿಸಿದರು. ಅಜ್ಜಿ ಆಗುವುದಿಲ್ಲ ಅಂದರು.

"ಆ ಗ್ವಾಡೆ ನಾನೂ ನಮ್ಮೆಜಮಾನ್ರೂ ತುಳಿದಿರೋ ಮಣ್ಣು ಕಣವ್ವ. ಹೊಲ ಓಯ್ತು, ತ್ವಾಟ ಓಯ್ತು. ಅವರದೂ ಅಂತ ಉಳಿದಿರೋದು ಅದೊಂದೇ. ಅದಕ್ಕೂ ತೂತು ಕೊರೀತೀಯಾ?"

ಅವರ ಮಾತು ಸುಳ್ಳಲ್ಲ. ಹಾಗೆಂದು ನಾನು ಬಿಡುವ ಹಾಗಿರಲಿಲ್ಲ. ದಿನಾ ಬೆಳಿಗ್ಗೆ ಒಲೆಯ ಮುಂದೆ ನಮ್ಮಿಬ್ಬರಿಗೂ ಅದೇ ಜಗಳ. ಅವರೂ ಹೊಗೆಗೆ ಕೆಮ್ಮುತ್ತಿದ್ದರು, ಕೆಮ್ಮಿನ ಮಧ್ಯೆಯೇ ಹೊಗೆಯನ್ನು ಹೊಗಳುತ್ತಿದ್ದರು. ಹೊಗೆ ಇಲ್ಲದಿದ್ದರೆ ಮಾಡಿನ ಮರಕ್ಕೆ ಹುಳ ಬೀಳುತ್ತದಂತೆ.

ಒಂದು ಬೆಳಿಗ್ಗೆ ನಾನು ಎಲ್ಲವನ್ನೂ ಹೇಳಿಬಿಡಬೇಕೆಂದು ನಿರ್ಧರಿಸಿದೆ. ಅಜ್ಜಿ ಕಾಫಿ ಕುಡಿದು, ಗೋಡೆಗೆ ಒರಗಿ ಕೂತಿದ್ದರು. ನಾನು ಅವರಿಗೆ ಬೆನ್ನು ಹಾಕಿ ರೊಟ್ಟಿ ತಟ್ಟುತ್ತಾ, ಸತ್ತ ಮಗನ ವಿಷಯ ಹೇಳಿದೆ. ಅವನ ಹೆಸರನ್ನು ನಾನು ಆ ಮನೆಯಲ್ಲಿ ಎತ್ತಿದ್ದು ಅದೇ ಮೊದಲು. ಇವಳೂ ಹೋದರೆ ನಾನು ಯಾವ ಗೋಡೆ ನೋಡಿಕೊಂಡು ಇರಲಿ ಅಜ್ಜಿ, ನೀವೂ ಮಕ್ಕಳನ್ನು ಹೆತ್ತವರಲ್ಲವೇ ಅಂದೆ. ರೊಟ್ಟಿಗಳೆಲ್ಲ ಬೆಂದವು, ಅಜ್ಜಿ ಒಂದೂ ಎದುರು ಮಾತಾಡಲಿಲ್ಲ. ಕೊನೆಗೂ ಒಪ್ಪಿದರು ಎಂದು ಸಂತೋಷದಿಂದ ತಿರುಗಿ ನೋಡಿದರೆ, ಅಜ್ಜಿ ಕೂತಲ್ಲೇ ಯಾವಾಗಲೋ ಹೋಗಿಬಿಟ್ಟಿದ್ದರು.

ಜೋಯಿಸರು ಬಂದು ಪಂಚಾಂಗ ನೋಡಿ ತಲೆ ಅಲ್ಲಾಡಿಸಿದರು. ಪ್ರಾಣ ಹೋದದ್ದು ಪಂಚಕದ ಕೆಟ್ಟ ನಕ್ಷತ್ರದಲ್ಲಿ, ಹೊಸಿಲು ದಾಟಿಸಿ ಹೆಣ ತರುವ ಹಾಗಿಲ್ಲ, ಗೋಡೆ ಒಡೆದು ಹೊರಗೆ ತರಬೇಕು, ಪ್ರಾಣ ಹೋದ ಮನೆಗೆ ಆರು ತಿಂಗಳು ಬೀಗ ಹಾಕಬೇಕು ಅಂದರು. ಗೌಡರು ಅಳುತ್ತಿದ್ದವರು ಅಳು ನಿಲ್ಲಿಸಿ, "ಮನೆ ಅಂದ್ರೆ ಪೂರ್ತಿ ಮನೆ ಅಲ್ಲ ಸ್ವಾಮಿ, ಅಡುಗೆಮನೆ ಒಂದೇ. ಅದು ಬ್ಯಾರೆಯವರಿಗೆ ಕೊಟ್ಟಿರೋದು," ಎಂದು ವಾದಿಸಿ ಗೆದ್ದರು. ಗೆದ್ದ ಮೇಲೆ ಮತ್ತೆ ಅತ್ತರು.

ಹಾರೆ ಹಿಡಿದು ಇಬ್ಬರು ಗೋಡೆ ಒಡೆಯಲು ನಿಂತರು. ಸುತ್ತ ನೆಂಟರೆಲ್ಲ ಎದೆ ಬಡಿದುಕೊಂಡು ಅಳುತ್ತಿದ್ದಾರೆ. ನಮ್ಮವರು ಗುಂಪಿನಲ್ಲಿ ನುಸುಳಿ ಹಾರೆಯವನ ಕಿವಿಯ ಹತ್ತಿರ ಬಗ್ಗಿ, "ಸ್ವಲ್ಪ ಚೌಕವಾಗಿ ಬರ್ಲಿ ಕಣಪ್ಪ, ಕೆಳಗಡೆ ಮೊಣಕಾಲೆತ್ತರ ಗೋಡೆ ಬಿಡು," ಅಂದರು. ಅವನು ಪಾಪ, ಇದೂ ಶಾಸ್ತ್ರದಲ್ಲಿ ಇರಬೇಕೆಂದು ಹಾಗೇ ಒಡೆದ.

ಗೋಡೆ ಬಿದ್ದದ್ದೇ ತಡ, ಕೆರೆಯ ಕಡೆಯಿಂದ ಗಾಳಿ ನುಗ್ಗಿತು. ಅಜ್ಜಿಯನ್ನು ಎತ್ತಿ ಹೊರಗೆ ದಾಟಿಸಿದರು. ಅವರ ಹಿಂದೆಯೇ ಒಲೆಯಲ್ಲಿ ಉಳಿದಿದ್ದ ಹೊಗೆಯೂ ಹೊರಟುಹೋಯಿತು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಬಾಡಿಗೆಯವಳಿಗೂ ಅಜ್ಜಿಯ ಮೇಲೆ ಎಷ್ಟು ಪ್ರೀತಿ ಎಂದು ನೆಂಟರು ಮಾತಾಡಿಕೊಂಡರು. ಅದು ಸುಳ್ಳೇನಲ್ಲ, ಆದರೆ ನಾನು ಅತ್ತದ್ದು ಅದೊಂದಕ್ಕೇ ಅಲ್ಲ.

ಹೆಣ ಬೀದಿ ತಿರುಗುವ ಮೊದಲೇ ಒಬ್ಬ ಕಲ್ಲು ಮಣ್ಣು ಕಲಸಿ ಗೋಡೆಯ ಆ ಬಾಯಿ ಮುಚ್ಚತೊಡಗಿದ. ಅದನ್ನು ತೆರೆದೇ ಬಿಡಬಾರದಿತ್ತೇ ಎಂದು ನಮ್ಮವರು ಮಣ್ಣು ಮಾಡಿ ಬಂದ ಗೌಡರನ್ನು ಕೇಳಿದರು. ಗೌಡರು ಒದ್ದೆ ಟವಲು ಹಿಂಡುತ್ತಾ, "ಬುಟ್ರೆ ಅವ್ವ ಅದೇ ದಾರೀಲಿ ವಾಪಸ್ ಬತ್ತಾಳೆ ಸ್ವಾಮಿ. ಬಂದ್ರೆ ಕೂರೋದು ನಿಮ್ಮೆಂಡ್ರ ಒಲೆ ಮುಂದೇನೇ," ಅಂದರು. ನಾವು ಮತ್ತೆ ಕೇಳಲಿಲ್ಲ.

ಬಳಿದ ಸುಣ್ಣ, ಕೂರಿಸಿದ ಹೆಂಚು ಎಲ್ಲದರ ಮೇಲೆ ಬೀಗ ಬಿತ್ತು. ನಾನು ಹಿತ್ತಿಲ ಹೊಂಗೆ ಮರದ ಕೆಳಗೆ ಮೂರು ಕಲ್ಲು ಇಟ್ಟು ಅಡುಗೆ ಮಾಡತೊಡಗಿದೆ. ಬಿಸಿಲು, ಗಾಳಿ, ಕಾಗೆ ಎಲ್ಲವೂ ಅಲ್ಲೇ. ಹೊಗೆ ಮಾತ್ರ ಸೀದಾ ಆಕಾಶಕ್ಕೆ ಹೋಗುತ್ತಿತ್ತು. ಮಗು ಮೊದಲು ಇಡೀ ರಾತ್ರಿ ನಿದ್ದೆ ಮಾಡಿದಳು, ಆಮೇಲೆ ಊಟ ಕೇಳಿದಳು, ಆಮೇಲೆ ಕಾಗೆ ಓಡಿಸಲು ಕಲಿತಳು. ಸಂಕ್ರಾಂತಿ ಕಳೆದ ಮೇಲೆ ಡಾಕ್ಟರಿಗೆ ತೋರಿಸಲು ಕರೆದುಕೊಂಡು ಹೋದೆವು. ಅವರು ಎದೆ, ಬೆನ್ನು ಎರಡೂ ಕಡೆ ಕೇಳಿ, ಮತ್ತೆ ಎದೆ ಕೇಳಿ, ಮೊದಲ ಸಲ ನಮ್ಮನ್ನು ನೋಡಿ ನಕ್ಕರು.

"ಅಂತೂ ಕಿಟಕಿ ಇಡಿಸಿದ್ರಿ."

ನಮ್ಮವರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಇಡಿಸಿದ್ವಿ ಡಾಕ್ಟ್ರೇ," ಅಂದರು. "ಅಜ್ಜಿ ಆಚೆ ಹೋಗೋವರೆಗೂ ಇತ್ತು."

ಡಾಕ್ಟರು ಒಂದು ಕ್ಷಣ ನಮ್ಮವರ ಮುಖ ನೋಡಿದರು. ಆಮೇಲೆ ಸ್ಟೆತಾಸ್ಕೋಪ್ ಮಡಚಿಡುತ್ತಾ, "ಎಷ್ಟು ಹೊತ್ತು ಇದ್ರೇನು ಬಿಡ್ರೀ, ಕೆಲಸ ಮಾಡಿದೆ," ಅಂದರು.