ತಂತಿ ಹಲ್ಲಿನ ತಜ್ಞ

ಜನ ನಮ್ಮ ಮಾತು ನಂಬಬೇಕಾದರೆ ನಮಗೆ ವಿಷಯ ತಿಳಿದಿರಬೇಕು ಎಂದು ನಾನೂ ಬಹಳ ವರ್ಷ ತಪ್ಪು ತಿಳಿದಿದ್ದೆ. ಹಾಗೇನಿಲ್ಲ. ಬೆಳಕು ಚೆನ್ನಾಗಿರಬೇಕು, ದನಿ ನಡುಗಬಾರದು, ಅಷ್ಟೇ.

ನಲವತ್ತು ದಾಟಿದ ಮೇಲೆ ನಾನು ಹಲ್ಲಿಗೆ ತಂತಿ ಹಾಕಿಸಿಕೊಂಡೆ, ಅದೂ ಗಿಳಿಹಸಿರು ರಬ್ಬರಿನ ಜೊತೆ. "ಸರಿಹೋಗೋ ಹೊತ್ತಿಗೆ ಉದುರೋ ವಯಸ್ಸಾಗಿರುತ್ತೆ," ಎಂದಳು ಹೆಂಡತಿ ಸುಮಾ. ನನಗೋ ಹೊಸ ಸ್ಕೂಟರ್ ಕೊಂಡಷ್ಟು ಸಂಭ್ರಮ! ಪರರಾಜ್ಯದಲ್ಲಿ ನಾವು ನೆಲೆಸಿರುವ ಐರೋಲಿಯಿಂದ ಆಫೀಸಿಗೆ ಹೋಗುವ ರೈಲಿನಲ್ಲಿ ಕಾರಣವಿಲ್ಲದೆ ನಗುತ್ತಿದ್ದೆ. ಪಕ್ಕದವರು ಹೆದರಿ ಎದ್ದುಹೋಗಿ ಕಿಟಕಿ ಸೀಟೂ ಸಿಗುತ್ತಿತ್ತು. ತಂತಿಯ ಬಗ್ಗೆ ಸಿಕ್ಕ ವಿಡಿಯೋಗಳನ್ನೆಲ್ಲ ನೋಡಿದೆ. ಒಬ್ಬ ಸೇಬನ್ನೂ ಮುಟ್ಟಬೇಡಿ ಎಂದರೆ, ಇನ್ನೊಬ್ಬ ಕಬ್ಬನ್ನೇ ಸಿಗಿದು ತೋರಿಸಿದ. ಕನ್ನಡದಲ್ಲಿ ಹೇಳುವವರು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ನಮ್ಮ ಜನರ ಗತಿಯೇನು? ಭಾನುವಾರ ಬಾಲ್ಕನಿಯಲ್ಲಿ ಕೂತು, ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು, ನಾನೇ ಒಂದು ವಿಡಿಯೋ ಮಾಡಿ ಇಂಟರ್ನೆಟ್ಟಿಗೆ ಹಾಕಿದೆ. ಪರದೆಯ ತುಂಬ ನನ್ನ ಹಲ್ಲೇ. "ಚಕ್ಕುಲಿ ಧಾರಾಳವಾಗಿ ತಿನ್ನಿ, ಹಿಂದಿನ ಹಲ್ಲಲ್ಲಿ ಕಡಿದರಾಯಿತು," ಎಂದು ಅಪ್ಪಣೆ ಕೊಡಿಸಿದೆ. ನಾನು ತಿಂದು ನೋಡಿದ್ದು ಒಂದೇ ಚಕ್ಕುಲಿ, ಅದೂ ಗಾಳಿಗೆ ಮೆತ್ತಗಾಗಿತ್ತು. ಅದನ್ನೆಲ್ಲ ಹೇಳುತ್ತ ಹೋದರೆ ವಿಡಿಯೋ ಉದ್ದವಾಗುವುದಿಲ್ಲವೇ!

ಮುಂದಿನ ತಿಂಗಳು ತಂತಿ ಬಿಗಿ ಮಾಡಿಸಲು ವಾಶಿಯ ಕ್ಲಿನಿಕ್ಕಿಗೆ ಹೋದೆ. ಅಲ್ಲಿ ಅಕ್ಕಪಕ್ಕ ಎರಡು ಕುರ್ಚಿ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಕುಂದಾಪುರದ ರಾಗದಲ್ಲಿ ಹಿಂದಿ ಮಾತಾಡುವ ಒಬ್ಬ ಹೆಂಗಸು. ಅವರ ಎರಡು ಹಲ್ಲಿನ ಮೇಲೆ ತಂತಿ ಹಿಡಿದಿಡುವ ಬ್ರ್ಯಾಕೆಟ್ ಕಿತ್ತುಬಂದಿತ್ತು.

"ಗಟ್ಟಿ ತಿಂಡಿ ಬೇಡ ಅಂದಿದ್ದೆನಲ್ಲ?" ಎಂದರು ಡಾಕ್ಟರ್ ಮೇಡಂ. "ಈಗ ಚಿಕಿತ್ಸೆ ಮುಗಿಯೋದು ತಡವಾಗುತ್ತೆ."

"ಅಯ್ಯೋ, ಮಗಳ ಮದುವೆ ಫೋಟೋದಲ್ಲೂ ತಂತಿಯಾ? ಚಕ್ಕುಲಿ ತಿನ್ನಬಹುದು ಅಂತ ದೊಡ್ಡ ಡಾಕ್ಟ್ರೊಬ್ಬರು ಹೇಳಿದ್ದಾರಲ್ಲ!"

ಅವರ ಮೊಬೈಲಿನಿಂದ ನನ್ನದೇ ದನಿ ಹೊರಟಿತು. ಬೆವರಬೇಕಾಗಿದ್ದ ನನಗೆ ಮೈಯೆಲ್ಲ ಪುಳಕ. ದೊಡ್ಡ ಡಾಕ್ಟ್ರಂತೆ! ಆದರೂ ತುಟಿ ಬಿಗಿದುಕೊಂಡು ಕೂತೆ. ಮೇಡಂ ನನ್ನತ್ತ ತಿರುಗಿ ಬಾಯಿ ತೆರೆಯಲು ಹೇಳಿದರು. ಹಲ್ಲಿನ ಕುರ್ಚಿಯಲ್ಲಿ ಕೂತು ಎಷ್ಟು ಹೊತ್ತು ಒಲ್ಲೆ ಎನ್ನಲಾದೀತು? ತೆರೆದೆ.

ಪಕ್ಕದ ಕುರ್ಚಿಯಿಂದ ಅಪ್ಪಟ ಕನ್ನಡ ಸಿಡಿಯಿತು: "ಇದೇ ಹಲ್ಲು ಮಾರಾಯ್ರೆ! ಇದೇ ಹಸಿರು!"

ಮೇಡಂ ಮೊಬೈಲ್ ನೋಡಿದರು, ನನ್ನ ಬಾಯಿ ನೋಡಿದರು. "ತಾವು ಯಾವ ಕಾಲೇಜಲ್ಲಿ ಕಲಿತಿದ್ದು, ಡಾಕ್ಟರ್ ಸಾಹೇಬ್?"

"ಬಿ.ಕಾಂ. ಮೇಡಂ," ಎಂದೆ.

ಆ ಹೆಂಗಸು ಬೈಯುತ್ತಾರೆಂದು ಕಾದೆ. ಅವರು ಮೇಡಂ ಕಡೆ ಕಣ್ಣು ಹಾಯಿಸಿ, ನನ್ನತ್ತ ಬಾಗಿ, ಮೆಲ್ಲಗೆ ಕನ್ನಡದಲ್ಲಿ ಕೇಳಿದರು: "ಇವರು ಹೇಳೋದು ಸರಿ ಉಂಟಾ, ಡಾಕ್ಟ್ರೇ?"

"ಅವರು ಹೇಳೋದೇ ಸರಿ. ನಾನು ಹೇಳಿದ್ದು ಸುಳ್ಳು," ಎಂದೆ. ಅವರ ಮುಖ ಬಾಡಿತು. ಮೇಡಂ ಎದುರೇ ವಿಡಿಯೋ ಅಳಿಸಿದೆ.

ಹೊರಗೆ ಅವರು ರಿಕ್ಷಾಕ್ಕೆ ಕಾಯುತ್ತಿದ್ದರು. ಕ್ಷಮೆ ಕೇಳಲೇಬೇಕೆಂದು ಓಡಿಹೋಗಿ, ಕೈಮುಗಿದು ಎದುರು ನಿಂತೆ. ಆದರೆ ಬಾಯಿಂದ ಬಂದ ಮಾತೇ ಬೇರೆ:

"ವಿಡಿಯೋ ಪೂರ್ತಿ ನೋಡಿದ್ರಾ?"