ಮೂರು ಮಹಡಿಗೆ ಒಂದು ಕಪ್ಪು ತಂತಿ

ಪ್ರವಾಸಕ್ಕೆ ಹೊರಡುವ ಮುನ್ನ ಎಲ್ಲ ಸರಿಯಾಗಿದೆಯೇ ಎಂದು ನೋಡಲು ಆಯ್ತಣ್ಣ ಮೀಟರ್ ಬೋರ್ಡಿನ ಬಾಗಿಲು ತೆರೆದದ್ದೇ ತಪ್ಪಾಯಿತು. ಮನೆಗೆ ಕರೆಂಟು ತರುವ ಕೆಂಪು, ಹಳದಿ, ನೀಲಿ ಫೇಸ್ ತಂತಿಗಳು ತಣ್ಣಗಿದ್ದವು. ಅದನ್ನು ಹಿಂದಕ್ಕೊಯ್ಯುವ ಪಕ್ಕದ ಕಪ್ಪು ನ್ಯೂಟ್ರಲ್ ತಂತಿ ಮಾತ್ರ ಜ್ವರ ಬಂದ ಮಗುವಿನ ಹಣೆಯಂತೆ ಸುಡುತ್ತಿತ್ತು.

ಯಾರು ಏನು ಹೇಳಿದರೂ ‘ಆಯ್ತು’ ಎನ್ನುವ ಈ ಎಲೆಕ್ಟ್ರಿಷಿಯನ್ನಿಗೆ ಬೀದಿಯಲ್ಲಿ ಆಯ್ತಣ್ಣ ಎಂದೇ ಹೆಸರು. ಕೆಳಗಿನ ಮನೆಯಲ್ಲಿ ಅವನೂ ಹೆಂಡತಿಯೂ. ಮೇಲಿನ ಮೂರು ಮಹಡಿಗಳಲ್ಲಿ ಮೂವರು ಅಣ್ಣಂದಿರ ಸಂಸಾರ, ಮಹಡಿಗೊಂದು ಫೇಸ್. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಮೊದಲ ಸಲ ಗಂಡ ಹೆಂಡತಿ ಸಮುದ್ರ ನೋಡಲು ಹೊರಟಿದ್ದರು. ನಾಲ್ಕು ಗಂಟೆಗೆ ಬಾಡಿಗೆ ಕಾರು ಬರುವುದಿತ್ತು.

“ಏನಾಯ್ತು?” ಎಂದಳು ಹೆಂಡತಿ.

“ನ್ಯೂಟ್ರಲ್ ಸಣ್ಣದಾಯ್ತು ಕಣೆ. ಅಪ್ಪನ ಕಾಲದಲ್ಲಿ ಬಲ್ಬು, ಫ್ಯಾನು ಬಿಟ್ರೆ ಏನಿತ್ತು? ಮೂರು ಫೇಸಿನ ಕರೆಂಟು ಇದರಲ್ಲಿ ಬಂದು ಒಂದಕ್ಕೊಂದು ವಜಾ ಆಗ್ತಿತ್ತು. ಅರ್ಧ ದಪ್ಪ ಸಾಕು ಅಂತ ಹಾಕಿಸಿದ್ರು. ಈಗ ಕಂಪ್ಯೂಟರು, ಟಿವಿ, ಎಲ್‌ಇಡಿ ದೀಪ ಎಲ್ಲ ಗುಟುಕು ಗುಟುಕಾಗಿ ಎಳೀತವೆ. ಅದರಲ್ಲೊಂದು ಪಾಲು ವಜಾ ಆಗೋದೇ ಇಲ್ಲ. ಮೂರೂ ಮನೇದು ಒಟ್ಟಾಗಿ ಇದರ ತಲೆ ಮೇಲೆ ಬೀಳುತ್ತೆ.”

“ವಾಪಸ್ ಬಂದು ಬದಲಾಯಿಸಿದ್ರಾಗಲ್ವಾ?”

“ಅಷ್ಟರಲ್ಲಿ ಇದು ಸುಟ್ಟು ತುಂಡಾದ್ರೆ, ಯಾವುದೋ ಒಂದು ಮಹಡಿಗೆ ಹೆಚ್ಚುಕಮ್ಮಿ ಎರಡರಷ್ಟು ವೋಲ್ಟೇಜು ನುಗ್ಗುತ್ತೆ. ಅತ್ತಿಗೇರ ಸಾಮಾನೆಲ್ಲ ಹೊಗೆ.”

ಹೆಂಡತಿ ಕಟ್ಟಿಟ್ಟ ಚೀಲವನ್ನು ಒಮ್ಮೆ ನೋಡಿದಳು. ಆಮೇಲೆ ಒಳಗೆ ಹೋಗಿ ಹಳೆಯ ಅಂಗಿಯೊಂದನ್ನು ತಂದುಕೊಟ್ಟಳು. “ಇದನ್ನ ಹಾಕ್ಕೊಳ್ಳಿ. ಸಮುದ್ರಕ್ಕೆ ಅಂತ ಇಸ್ತ್ರಿ ಮಾಡಿದ್ದು ಹಾಳಾಗೋದು ಬೇಡ.”

ಫೇಸ್ ತಂತಿಗಿಂತಲೂ ದಪ್ಪನೆಯ ಕಪ್ಪು ತಂತಿಯ ಸುರುಳಿಯನ್ನು ಹೊತ್ತು ತಂದದ್ದೇನೋ ಆಯಿತು. ಆದರೆ ಎರಡು ಗಂಟೆ ಕರೆಂಟು ತೆಗೆಯಲು ಮೂವರು ಅತ್ತಿಗೆಯರೂ ಒಪ್ಪಬೇಕು. ತಾರಸಿಯ ಬಟ್ಟೆ ಹಗ್ಗದ ವಿಷಯಕ್ಕೆ ಅವರಲ್ಲಿ ಮಾತು ನಿಂತು ಎಂಟು ತಿಂಗಳಾಗಿತ್ತು. ಏನು ಹೇಳುವುದಿದ್ದರೂ ಆಯ್ತಣ್ಣನ ಮೂಲಕವೇ.

ಮೊದಲ ಮಹಡಿಯ ದೊಡ್ಡತ್ತಿಗೆ ಕಂಪ್ಯೂಟರಿನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದರು. “ಹನ್ನೊಂದರವರೆಗೆ ಪಾಠ ಇದೆ, ಮುಟ್ಟಬೇಡ. ಅಂದಹಾಗೆ ಆ ದಪ್ಪ ತಂತಿ ಯಾರ ಮನೇಗೆ?”

“ಯಾರ ಮನೇಗೂ ಅಲ್ಲ ಅತ್ತಿಗೆ. ಎಲ್ಲರಿಗೂ.”

“ಎಲ್ಲರಿಗೂ ಅಂದ್ರೆ ನಡುವಿನವಳಿಗೆ ಅಂತ. ನಂಗೆ ತಿಳಿಯಲ್ವಾ.”

ಎರಡನೆಯ ಮಹಡಿಯ ನಡು ಅತ್ತಿಗೆಗೆ ಕಸೂತಿ ಯಂತ್ರದ ಕೆಲಸ ಹನ್ನೆರಡರವರೆಗೆ. “ದೊಡ್ಡೋರಿಗೆ ಅಷ್ಟು ದಪ್ಪ, ನನಗೆ ಇಷ್ಟು ಸಣ್ಣದಾ? ನಾನೇನು ಕತ್ತಲಲ್ಲಿ ಹೊಲೀಬೇಕಾ?” ಮೂರನೆಯ ಮಹಡಿಯ ಚಿಕ್ಕತ್ತಿಗೆ ಅಂಗಡಿಗೆ ಬಿಸ್ಕತ್ತು ಸುಟ್ಟುಕೊಡುವವರು. “ಓವನ್ನಲ್ಲಿ ಎರಡು ಟ್ರೇ ಇದೆ, ಹನ್ನೆರಡೂವರೆ ಆಗ್ಲಿ. ಅವರಿಬ್ಬರಿಗೂ ಹಾಕಿ ಮಿಕ್ಕ ತುಂಡನ್ನ ನನಗೆ ಹಾಕ್ಬೇಡ, ಈಗ್ಲೇ ಹೇಳಿದೀನಿ.”

ಆಯ್ತಣ್ಣ ಮೂವರಿಗೂ “ಆಯ್ತು” ಎಂದ. ಹನ್ನೆರಡೂವರೆಗೆ ಮೇನ್ ಸ್ವಿಚ್ಚು ಆರಿಸಿದ. ಹಳೆಯ ತಂತಿಯ ತುದಿಗೆ ಹೊಸದನ್ನು ಕಟ್ಟಿ, ಗೋಡೆಯೊಳಗಿನ ಪೈಪಿನಲ್ಲಿ ಮೇಲಕ್ಕೆ ಎಳೆಯತೊಡಗಿದ. ಮದುವೆಯ ಬಳೆಯನ್ನು ಇಪ್ಪತ್ತು ವರ್ಷದ ಮೇಲೆ ತೊಡಲು ಹೊರಟ ಕೈಯಂತೆ ಅದು ನಡುವೆ ಸಿಕ್ಕಿಕೊಂಡಿತು. ಹೆಂಡತಿ ಕೆಳಗೆ ಕೂತು ಸೋಪಿನ ನೀರು ಸವರಿದಳು. ಜಗ್ಗಲಿಲ್ಲ. ಅಣ್ಣಂದಿರೆಲ್ಲ ಕೆಲಸಕ್ಕೆ ಹೋಗಿದ್ದರು. ಕೊನೆಗೆ ಅತ್ತಿಗೆಯರೇ ತಮ್ಮತಮ್ಮ ಮಹಡಿಯ ಜಂಕ್ಷನ್ ಬಾಕ್ಸಿನ ಮುಂದೆ ನಿಂತು ಎಳೆಯಬೇಕಾಯಿತು.

ಒಬ್ಬರು ಎಳೆದಾಗ ಇನ್ನೊಬ್ಬರು ಕೈ ಒರೆಸಿಕೊಳ್ಳುತ್ತಿದ್ದರು.

“ನಾನು ಎಳೆದಾಗ ಎಳೀಬೇಕು ಅಂತ ಮೇಲಿನೋರಿಗೆ ಹೇಳು.”

“ಮೊದಲೇ ಹೇಳಿ ಎಳೀಬೇಕು ಅಂತ ಕೆಳಗಿನೋರಿಗೆ ಹೇಳು.”

ಆಯ್ತಣ್ಣ ಹತ್ತಿದ, ಇಳಿದ, ಮತ್ತೆ ಹತ್ತಿದ. ಹದಿನಾಲ್ಕನೆಯ ಸಲ ಮೊಣಕಾಲು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟ. ಸುದ್ದಿ ಮುಟ್ಟಿಸಲು ಉಸಿರೇ ಉಳಿದಿರಲಿಲ್ಲ.

ದೊಡ್ಡತ್ತಿಗೆ ಅವನನ್ನು ನೋಡಿದರು. ಮೆಟ್ಟಿಲ ಕಟಕಟೆಯಿಂದ ಕತ್ತು ಮೇಲೆತ್ತಿ, ಎಂಟು ತಿಂಗಳ ಮೇಲೆ ಮೊದಲ ಮಾತು ಆಡಿದರು: “ಏ ಹುಡುಗೀರಾ, ನಾನು ಮೂರು ಅಂದಾಗ ಒಟ್ಟಿಗೆ ಎಳೀರಿ. ಇವನು ಇಲ್ಲೇ ಪ್ರಾಣ ಬಿಡೋ ಹಾಗಿದಾನೆ.”

ಎರಡನೆಯ ಮಹಡಿಯಿಂದ, “ಎಣಿಸಿ ಅಕ್ಕ.” ಮೂರನೆಯದರಿಂದ, “ನಾನೂ ಹಿಡ್ಕೊಂಡಿದೀನಿ ಅಕ್ಕ.”

ತಂತಿ ಒಮ್ಮೆಲೇ ಮೂರು ಮಾರು ಮೇಲೇರಿತು. ಆ ರಭಸಕ್ಕೆ ಚಿಕ್ಕತ್ತಿಗೆ ನೆಲಕ್ಕೆ ಕೂತರು. ಅವರೇ ಮೊದಲು ನಕ್ಕರು, ಉಳಿದಿಬ್ಬರ ನಗು ಹಿಂಬಾಲಿಸಿತು.

ಎರಡೂವರೆಗೆ ಕರೆಂಟು ಬಂತು. ಮೂವರೂ ಇಳಿದು ಬಂದು ಹೊಸ ತಂತಿಯನ್ನು ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿದರು, ತಣ್ಣಗಿತ್ತು. ಆದರೆ ಯಾರೂ ತಮ್ಮ ಮನೆಗೆ ಹೋಗಲಿಲ್ಲ. ಮೆಟ್ಟಿಲ ಮೇಲೇ ಕೂತು ಬಿಸ್ಕತ್ತು ತಿನ್ನುತ್ತಿದ್ದರು. ದೊಡ್ಡತ್ತಿಗೆಯ ಕನ್ನಡಕದ ಮುರಿದ ಕಾಲನ್ನು ನಡು ಅತ್ತಿಗೆ ಕಸೂತಿ ದಾರದಿಂದ ಸುತ್ತಿಕೊಟ್ಟರು. ಕೈಕಾಲು ತೊಳೆಯುತ್ತಿದ್ದ ಆಯ್ತಣ್ಣನಿಗೆ ಅವರ ಮಾತು ಕೇಳಿ ಕಣ್ಣು ತುಂಬಿತು. ಇನ್ನು ಇವರ ನಡುವೆ ತಾನು ಓಡಾಡಬೇಕಿಲ್ಲ. ನೆಮ್ಮದಿಯಾಗಿ ಸಮುದ್ರ ನೋಡಬಹುದು ಎಂದುಕೊಂಡ.

ನಾಲ್ಕಕ್ಕೆ ಇಸ್ತ್ರಿಯ ಅಂಗಿ ತೊಟ್ಟು ಚೀಲ ಹಿಡಿದು ಹೊರಬಂದ. ಕಾರು ನಿಂತಿತ್ತು. ಮುಂದೆ ದೊಡ್ಡತ್ತಿಗೆ; ಹಿಂದೆ ನಡು ಅತ್ತಿಗೆ, ಚಿಕ್ಕತ್ತಿಗೆ, ಮಧ್ಯದಲ್ಲಿ ಅವನ ಹೆಂಡತಿ.

“ನಾವೂ ಸಮುದ್ರ ನೋಡಿ ಎಷ್ಟು ವರ್ಷ ಆಯ್ತೋ,” ಎಂದರು ದೊಡ್ಡತ್ತಿಗೆ. “ಇದರಲ್ಲಿ ನಾಲ್ಕೇ ಜನಕ್ಕೆ ಜಾಗ. ನೀನು ಮನೇಲಿದ್ರೆ ನಮಗೆ ಯೋಚನೆ ಇಲ್ಲ.”

ನಿನ್ನೆಯಾಗಿದ್ದರೆ ಒಬ್ಬರು ಬರುತ್ತೇನೆಂದ ತಕ್ಷಣ ಇನ್ನಿಬ್ಬರು ಅಡ್ಡ ಹಾಕುತ್ತಿದ್ದರು, ಅವನು ಬದುಕಿಕೊಳ್ಳುತ್ತಿದ್ದ. ಬೇಡ ಎನ್ನುವವರು ಯಾರಾದರೂ ಸಿಕ್ಕಾರೆಯೇ ಎಂದು ಒಂದೊಂದೇ ಮುಖ ನೋಡಿದ. ಮೂರೂ ಮುಖ ಹೌದು ಎನ್ನುತ್ತಿದ್ದವು.

“ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ನೀವು ಬೇಡ ಅಂದ್ರೆ ಇಳಿದುಬಿಡ್ತೀನಿ,” ಎಂದಳು ಹೆಂಡತಿ. ಇಳಿಯುವವಳೇ, ಅದು ಅವನಿಗೆ ಗೊತ್ತಿತ್ತು. ಆದರೆ ಅವಳ ಕಣ್ಣು ಆಗಲೇ ಅಲೆ ನೋಡುತ್ತಿತ್ತು.

“ಆಯ್ತು. ಹುಷಾರಾಗಿ ಹೋಗಿ ಬನ್ನಿ,” ಎಂದು ಚೀಲವನ್ನು ತಾನೇ ಡಿಕ್ಕಿಯಲ್ಲಿಟ್ಟ. ಕಾರು ತಿರುವಿನಲ್ಲಿ ಮರೆಯಾದ ಮೇಲೆ, ಅದರಲ್ಲಿ ತನ್ನ ಬಟ್ಟೆಯೂ ಹೋಯಿತೆಂದು ನೆನಪಾಯಿತು.

ಏಳು ಗಂಟೆಯ ಹೊತ್ತಿಗೆ ಅಣ್ಣಂದಿರು ಒಬ್ಬೊಬ್ಬರಾಗಿ ಬಂದು ಅವನಿಂದ ಬೀಗದಕೈ ಇಸಿದುಕೊಂಡು ಮೇಲೆ ಹೋದರು. ಬಾಗಿಲು ತೆರೆದ ಸದ್ದು, ದೀಪ ಹಾಕಿದ ಸದ್ದು. ಆಮೇಲೆ ಮೂರೂ ಮಹಡಿಯ ಕಟಕಟೆಯಿಂದ ಮೂರು ತಲೆಗಳು ಕೆಳಗೆ ಬಗ್ಗಿ, ಯಾರೋ ಎಣಿಸಿಕೊಟ್ಟಂತೆ ಒಟ್ಟಿಗೆ ಕೇಳಿದವು:

“ತಮ್ಮಾ, ಊಟಕ್ಕೇನು ಮಾಡ್ತಿದೀಯ?”